ಹೆಗ್ಗಡದೇವನಕೋಟೆಯಿಂದ ಇಡೀ ರಾಜ್ಯಕ್ಕೆ: ನಲಿ-ಕಲಿ ಕುರಿತ ಒಂದು ಪ್ರಕರಣ ಅಧ್ಯಯನ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ, ಮಕ್ಕಳು ಚಟುವಟಿಕೆಯ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ‘ನಲಿ-ಕಲಿ’ ಪದ್ಧತಿಯನ್ನು ರಾಜ್ಯ ಸರ್ಕಾರವು 2009-10ರಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಿತು. ಮರುವರ್ಷ ಮೂರನೇ ತರಗತಿಯೂ ಇದರೊಳಗೆ ಸೇರಿತು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಕೈಯಾರೆ ಕಟ್ಟಿಕೊಂಡ ಬೋಧನಾಕ್ರಮವೊಂದು ಸುಮಾರು ಹದಿನೈದು ವರ್ಷಗಳಲ್ಲಿ ಇಡೀ ರಾಜ್ಯದ ಆದೇಶವಾಗಿ ಮಾರ್ಪಟ್ಟ ಉದಾಹರಣೆಗಳು ನಮ್ಮ ಶಿಕ್ಷಣದ ಇತಿಹಾಸದಲ್ಲಿ ಬಹಳ ಇಲ್ಲ. ಸಾಮಾನ್ಯವಾಗಿ ಹೊಸತು ಎನ್ನಿಸಿಕೊಂಡದ್ದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ರೂಪುಗೊಂಡು ಹಳ್ಳಿಯ ಶಾಲೆಗೆ ಇಳಿಯುತ್ತದೆ. ಇಲ್ಲಿ ಅದು ಕಾಡಂಚಿನ ತಾಲ್ಲೂಕಿನಿಂದ ರಾಜಧಾನಿಗೆ ಹೋಗಿ, ಅಲ್ಲಿ ಅಚ್ಚಾಗಿ, ಮತ್ತೆ ಹಳ್ಳಿಗಳಿಗೆ ಮರಳಿತು. ಈ ಹೋಗಿಬರುವಿಕೆಯಲ್ಲಿ ಪದ್ಧತಿಯ ಯಾವ ಭಾಗ ಉಳಿಯಿತು, ಯಾವ ಭಾಗ ಹಿಂದೆಯೇ ಬಿಟ್ಟುಹೋಯಿತು ಎಂಬುದನ್ನು ಪರಿಶೀಲಿಸುವುದು ಈ ಬರಹದ ಕೆಲಸ. ನಲಿ-ಕಲಿ ಗೆದ್ದಿತೋ ಸೋತಿತೋ ಎಂದು ತೀರ್ಪು ಕೊಡುವುದಕ್ಕಿಂತ ಈ ಪ್ರಶ್ನೆಯೇ ಹೆಚ್ಚು ಫಲಕಾರಿ ಎಂದು ನನ್ನ ಅಭಿಪ್ರಾಯ.

ಒಂದು ಕೋಣೆ, ಹಲವು ತರಗತಿ

ಹೆಗ್ಗಡದೇವನಕೋಟೆ ತಾಲ್ಲೂಕು ಮೈಸೂರಿನ ನೈಋತ್ಯಕ್ಕೆ, ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳಿಗೆ ಒತ್ತಿಕೊಂಡಿದೆ. ಆ ಕಾಲಕ್ಕೆ ಇಂದಿನ ಸರಗೂರು ತಾಲ್ಲೂಕೂ ಇದರ ಭಾಗವಾಗಿಯೇ ಇತ್ತು. ಕಬಿನಿ ಜಲಾಶಯಕ್ಕಾಗಿ ಊರು ಬಿಟ್ಟವರು, ಕಾಡಿನಿಂದ ಹೊರಬಂದ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳು, ಮಳೆ ನಂಬಿದ ಸಣ್ಣ ರೈತರು, ಇವೆಲ್ಲ ಸೇರಿದ ತಾಲ್ಲೂಕು ಇದು. ಕಾಫಿ ಕೊಯ್ಲಿನ ಕಾಲ ಬಂದರೆ ಹಾಡಿಗಳ ಕುಟುಂಬಗಳು ಕೊಡಗಿನ ತೋಟಗಳ ಲೈನ್ ಮನೆಗಳಿಗೆ ತೆರಳುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅಂಥ ಮಗುವಿನ ಹೆಸರಿನ ಮುಂದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತದೆ. ಆ ಮಗು ಮರಳಿ ಬರುವ ಹೊತ್ತಿಗೆ ಪಠ್ಯಪುಸ್ತಕ ಹತ್ತಿಪ್ಪತ್ತು ಪುಟ ಮುಂದೆ ಹೋಗಿರುತ್ತದೆ. ಆ ಪುಟಗಳಿಗೆ ಮಗುವನ್ನು ಹಿಂದಕ್ಕೆ ಕರೆದೊಯ್ಯಲು ಶಿಕ್ಷಕರಿಗೆ ಸಮಯವಿಲ್ಲ, ಮುಂದಿನ ಪುಟ ಮಗುವಿಗೆ ಅರ್ಥವಾಗುವುದಿಲ್ಲ. ಮಗು ಶಾಲೆ ಬಿಡುವುದು ಬಹುತೇಕ ಇಂಥ ದಿನಗಳಲ್ಲಿಯೇ.

ಇದಕ್ಕೆ ಸೇರಿಕೊಂಡ ಎರಡನೆಯ ತೊಡಕು ಶಾಲೆಯ ಗಾತ್ರದ್ದು. ಒಬ್ಬ ಅಥವಾ ಇಬ್ಬರು ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಏಕಕಾಲಕ್ಕೆ ಎರಡು ಅಥವಾ ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಯೋಜನೆಯು ಪ್ರತಿ ಶಾಲೆಗೂ ಎರಡನೆಯ ಕೋಣೆ ಮತ್ತು ಎರಡನೆಯ ಶಿಕ್ಷಕರನ್ನು ಒದಗಿಸುವ ಗುರಿ ಇಟ್ಟುಕೊಂಡಿತ್ತು. ಆ ಗುರಿ ಪೂರ್ಣವಾಗಿ ಈಡೇರಿತೆಂದೇ ಇಟ್ಟುಕೊಂಡರೂ, ಐದು ತರಗತಿಗಳಿಗೆ ಇಬ್ಬರು ಶಿಕ್ಷಕರು ಎಂಬ ಲೆಕ್ಕ ಬದಲಾಗುವುದಿಲ್ಲ. ಒಂದು ತರಗತಿಗೆ ಪಾಠ ಹೇಳುವಾಗ ಮಿಕ್ಕವರಿಗೆ ಕಾಪಿ ಬರೆಯುವ ಕೆಲಸ ಕೊಡುವುದು ಆ ಕಾಲದ ಸಾಮಾನ್ಯ ವ್ಯವಸ್ಥೆ. ಮಕ್ಕಳ ಶಾಲಾ ಸಮಯದ ದೊಡ್ಡ ಪಾಲು ಕಾಯುವುದರಲ್ಲಿಯೇ ಕಳೆಯುತ್ತಿತ್ತು ಎಂದರೆ ಅದು ಉತ್ಪ್ರೇಕ್ಷೆಯಾಗದು. ಶಿಕ್ಷಕರ ತರಬೇತಿ ಕೇಂದ್ರಗಳಲ್ಲಿ ಹೇಳಿಕೊಡುತ್ತಿದ್ದ ಪಾಠಯೋಜನೆಗಳಾದರೋ ಒಂದು ಕೋಣೆ, ಒಂದು ತರಗತಿ, ಒಬ್ಬ ಶಿಕ್ಷಕ ಎಂಬ ಕಲ್ಪನೆಯ ಮೇಲೆಯೇ ನಿಂತಿದ್ದವು. ನಿಜವಾದ ಶಾಲೆಗಳಲ್ಲಿ ಬಹುಪಾಲು ಆ ಕಲ್ಪನೆಗೆ ಹೊರಗೆ ಉಳಿದಿದ್ದವು.

ಮದನಪಲ್ಲಿಯ ಹಾದಿ

ಇದೇ ತೊಡಕಿಗೆ ಉತ್ತರ ಹುಡುಕುವ ಪ್ರಯತ್ನ ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯಲ್ಲಿ ಆಗಲೇ ನಡೆದಿತ್ತು. ಜೆ. ಕೃಷ್ಣಮೂರ್ತಿಯವರ ಚಿಂತನೆಯ ಹಿನ್ನೆಲೆಯ ಆ ವಸತಿ ಶಾಲೆಯ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಿತ್ತು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಅಲ್ಲಿ ಪಠ್ಯಪುಸ್ತಕವನ್ನು ಬಿಡಿಬಿಡಿಯಾದ ಸಣ್ಣ ಚಟುವಟಿಕೆಗಳಾಗಿ ಒಡೆದು, ಪ್ರತಿಯೊಂದನ್ನೂ ಒಂದು ಕಾರ್ಡಿಗೆ ಇಳಿಸಿ, ಆ ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿದ ಕಲಿಕಾ ಏಣಿಯೊಂದನ್ನು ರೂಪಿಸಿದ್ದರು. ವಯಸ್ಸಿನಲ್ಲಿ, ಮಟ್ಟದಲ್ಲಿ ಬೇರೆಬೇರೆಯಾದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕಲಿಯಲು ಅದು ಅನುವು ಮಾಡಿಕೊಟ್ಟಿತ್ತು. ಕೊಲಂಬಿಯಾ ದೇಶದ ಗ್ರಾಮೀಣ ಶಾಲೆಗಳಲ್ಲಿ 1970ರ ದಶಕದಿಂದ ನಡೆದುಬಂದ ‘ಎಸ್ಕುಯೆಲಾ ನುಯೆವಾ’ ಪ್ರಯೋಗಕ್ಕೂ ಇದಕ್ಕೂ ಹೋಲಿಕೆಗಳಿವೆ. ಹಲವು ತರಗತಿಗಳು ಒಟ್ಟಿಗೆ ಕೂರುವ ಬಹುವರ್ಗ ಕೋಣೆಯ ಕಷ್ಟ ಜಗತ್ತಿನ ಬಡ ಹಳ್ಳಿಗಳಿಗೆಲ್ಲ ಸಮಾನವಾದುದರಿಂದ ಉತ್ತರಗಳೂ ಹತ್ತಿರ ಹತ್ತಿರ ಬಂದಿರುವುದು ಸಹಜ.

ಹೆಗ್ಗಡದೇವನಕೋಟೆಯ ಶಿಕ್ಷಕರ ತಂಡವೊಂದು 1995ರಲ್ಲಿ ರಿಷಿ ವ್ಯಾಲಿಗೆ ಹೋಗಿ ಈ ಶಾಲೆಗಳನ್ನು ನೋಡಿತು. ಆ ಭೇಟಿಯ ನಂತರ ನಡೆದ ಕೆಲಸವೇ ಈ ಪ್ರಕರಣದ ಹೃದಯಭಾಗ. ತೆಲುಗಿನ ಕಾರ್ಡುಗಳನ್ನು ಕನ್ನಡಕ್ಕೆ ತಿರುಗಿಸಿಕೊಂಡರೆ ಸಾಕಾಗುತ್ತಿರಲಿಲ್ಲ. ಏಣಿಯ ಕ್ರಮವನ್ನೇ ಕನ್ನಡದ ಅಕ್ಷರ, ಪದ, ಗುಣಿತಾಕ್ಷರ, ಒತ್ತಕ್ಷರಗಳ ಸ್ವಭಾವಕ್ಕೆ ತಕ್ಕಂತೆ ಹೊಸದಾಗಿ ಯೋಚಿಸಬೇಕಿತ್ತು. ಕೇಂದ್ರ ಸರ್ಕಾರ ಆಗಷ್ಟೇ ಗೊತ್ತುಪಡಿಸಿದ್ದ ಕನಿಷ್ಠ ಕಲಿಕಾ ಮಟ್ಟಗಳನ್ನು ಆಧಾರವಾಗಿಟ್ಟುಕೊಂಡು, ಯಾವ ಸಾಮರ್ಥ್ಯ ಮೊದಲು, ಯಾವುದು ನಂತರ, ಒಂದರಿಂದ ಇನ್ನೊಂದಕ್ಕೆ ಎಷ್ಟು ಮೆಟ್ಟಿಲು ಎಂದು ಶಿಕ್ಷಕರೇ ಕುಳಿತು ಚರ್ಚಿಸಿದರು. ಕಾರ್ಡಿನ ಚಿತ್ರ, ಹಾಡು, ಕತೆ, ಒಗಟು ಎಲ್ಲವೂ ಸ್ಥಳೀಯ ಬದುಕಿನಿಂದ ಬಂದವು. ಒಂದು ಕಾರ್ಡು ಮಕ್ಕಳಿಗೆ ಹಿಡಿಸದಿದ್ದರೆ ಅದನ್ನು ಬರೆದವರೇ ತರಗತಿಯಲ್ಲಿ ಅದನ್ನು ಕಂಡು, ಬದಲಿಸಿ, ಮುಂದಿನ ಸಭೆಯಲ್ಲಿ ಸಹೋದ್ಯೋಗಿಗಳ ಮುಂದೆ ಇಡಬಹುದಿತ್ತು. ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರಂಥವರು ಆಡಳಿತದೊಳಗಿನಿಂದ ಈ ಪ್ರಯತ್ನಕ್ಕೆ ಒತ್ತಾಸೆಯಾಗಿ ನಿಂತರು.

ರಿಷಿ ವ್ಯಾಲಿಯ ಶಾಲೆಗಳಿಗೂ ಹೆಗ್ಗಡದೇವನಕೋಟೆಯ ಶಾಲೆಗಳಿಗೂ ಇದ್ದ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗುರುತಿಸಬೇಕು. ಅಲ್ಲಿ ಸಂಸ್ಥೆಯೊಂದು ತಾನೇ ಆರಿಸಿ ತರಬೇತಿ ಕೊಟ್ಟ ಗ್ರಾಮದ ಯುವಕ ಯುವತಿಯರು ಪಾಠ ಹೇಳುತ್ತಿದ್ದರು. ಇಲ್ಲಿ ವರ್ಗಾವಣೆ, ಜನಗಣತಿ, ಚುನಾವಣೆ ಕೆಲಸ, ಇಲಾಖೆಯ ತಪಾಸಣೆ ಎಲ್ಲಕ್ಕೂ ಒಳಪಟ್ಟ ಸರ್ಕಾರಿ ಶಿಕ್ಷಕರು ಅದೇ ಪದ್ಧತಿಯನ್ನು ಕೈಗೆತ್ತಿಕೊಂಡರು. ಸರ್ಕಾರಿ ವ್ಯವಸ್ಥೆಯೊಳಗಿದ್ದೇ ಇಂಥದ್ದನ್ನು ನಡೆಸಬಹುದೆಂದು ತೋರಿಸಿದ್ದು ಕಾರ್ಡು, ಏಣಿಗಳಿಗಿಂತಲೂ ದೊಡ್ಡ ಹೊಸತನ.

ಏಣಿ, ಮೈಲಿಗಲ್ಲು, ತಟ್ಟೆ

ಪದ್ಧತಿಯ ಒಳರಚನೆಯನ್ನು ಸ್ವಲ್ಪ ವಿವರವಾಗಿ ನೋಡದೆ ಅದರ ಗುಣದೋಷಗಳನ್ನು ಅಳೆಯಲಾಗದು. ಕನ್ನಡ, ಗಣಿತ, ಪರಿಸರ ಅಧ್ಯಯನ ಈ ಪ್ರತಿ ವಿಷಯಕ್ಕೂ ಒಂದೊಂದು ಏಣಿ. ಏಣಿಯು ಹಲವು ಮೈಲಿಗಲ್ಲುಗಳಾಗಿ ವಿಂಗಡಣೆಗೊಂಡಿದೆ. ಒಂದು ಮೈಲಿಗಲ್ಲಿನೊಳಗೆ ಪೂರ್ವಸಿದ್ಧತೆ, ಕಲಿಕೆ, ಅಭ್ಯಾಸ, ಮೌಲ್ಯಮಾಪನ ಎಂಬಂಥ ಹಂತಗಳಿವೆ. ಮೌಲ್ಯಮಾಪನದಲ್ಲಿ ಎಡವಿದ ಮಗುವಿಗೆ ಪೂರಕ ಕಾರ್ಡುಗಳು, ಸಲೀಸಾಗಿ ದಾಟಿದ ಮಗುವಿಗೆ ಮುಂದಿನ ಮೈಲಿಗಲ್ಲು. ಒಂದೊಂದು ಬಗೆಯ ಚಟುವಟಿಕೆಗೆ ಒಂದೊಂದು ಚಿತ್ರಚಿಹ್ನೆ ಇರುವುದರಿಂದ, ಓದು ಬಾರದ ಮಗುವೂ ಗೋಡೆಯ ಮೇಲಿನ ಏಣಿಯಲ್ಲಿ ತಾನೆಲ್ಲಿದ್ದೇನೆಂದು ಬೆರಳಿಟ್ಟು ತೋರಿಸಿ, ಅದೇ ಚಿಹ್ನೆಯ ಕಾರ್ಡನ್ನು ತಾನೇ ಎತ್ತಿಕೊಂಡು ಬರಬಲ್ಲದು. ಕಾಫಿ ಕೊಯ್ಲಿಗೆ ಹೋಗಿ ಮರಳಿದ ಮಗುವಿನ ವಿಷಯದಲ್ಲಿ ಇದರ ಅರ್ಥವೇನೆಂದರೆ, ಅದು ತಾನು ಬಿಟ್ಟುಹೋದ ಕಾರ್ಡಿನಿಂದಲೇ ಮತ್ತೆ ಆರಂಭಿಸುತ್ತದೆ. ತರಗತಿ ಮುಂದೆ ಹೋಗಿಬಿಟ್ಟಿದೆ ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ.

ಮಕ್ಕಳು ನೆಲದ ಮೇಲೆ, ‘ತಟ್ಟೆ’ ಎಂದೇ ಶಿಕ್ಷಕರ ಬಾಯಲ್ಲಿ ಹೆಸರಾದ ಐದು ಗುಂಪುಗಳಲ್ಲಿ ಕೂರುತ್ತಾರೆ: ಸಂಪೂರ್ಣವಾಗಿ ಶಿಕ್ಷಕರ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಯ ಬೆಂಬಲದಿಂದ ಕಲಿಯುವವರು, ಆ ಬೆಂಬಲವೂ ಭಾಗಶಃ ಸಾಕೆನ್ನುವವರು, ತಾವೇ ಕಲಿಯುವವರು. ಗುಂಪು ತರಗತಿಯನ್ನು ಅವಲಂಬಿಸಿಲ್ಲ, ಮಗು ಆ ಹೊತ್ತಿಗೆ ಹಿಡಿದಿರುವ ಕಾರ್ಡನ್ನು ಅವಲಂಬಿಸಿದೆ. ಹೊಸ ಅಕ್ಷರ ಪರಿಚಯವಾಗುವ ಕಾರ್ಡು ಹಿಡಿದ ಮಗು ಶಿಕ್ಷಕರ ಪಕ್ಕಕ್ಕೆ ಬರುತ್ತದೆ. ಅದನ್ನೇ ತಿದ್ದಿ ಅಭ್ಯಾಸ ಮಾಡುವಾಗ ಬೇರೆ ತಟ್ಟೆಗೆ ಹೋಗುತ್ತದೆ. ಹೀಗಾಗಿ ಶಿಕ್ಷಕರು ಒಂದು ಹೊತ್ತಿನಲ್ಲಿ ಕೋಣೆಯ ಎಲ್ಲ ಮಕ್ಕಳಿಗೂ ಪಾಠ ಹೇಳುವುದಿಲ್ಲ. ಅವರ ಅಗತ್ಯ ಹೆಚ್ಚಾಗಿರುವ ಐದಾರು ಮಕ್ಕಳ ಬಳಿ ನೆಲದ ಮೇಲೆಯೇ ಕುಳಿತಿರುತ್ತಾರೆ. ತಲೆಯ ಮೇಲೆ ದಾರ ಎಳೆದು ಮಕ್ಕಳ ಚಿತ್ರ, ಕಾಗದದ ಕೆಲಸಗಳನ್ನು ತೂಗುಹಾಕುವ ಚಪ್ಪರ, ಮಕ್ಕಳೇ ತುಂಬುವ ಹವಾಮಾನ ನಕ್ಷೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಬಳಿದ ಕಪ್ಪುಹಲಗೆ, ಪ್ರತಿ ಮಗುವಿನ ಸಾಗಣೆಯನ್ನು ದಾಖಲಿಸುವ ಪ್ರಗತಿ ನೋಟ, ಇವು ಕೋಣೆಯ ಮಿಕ್ಕ ಅಂಗಗಳು. ಕೆಳಗಿನ ಕಪ್ಪುಹಲಗೆ ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಅಲ್ಲಿಯವರೆಗೆ ಕಪ್ಪುಹಲಗೆ ಶಿಕ್ಷಕರ ಎತ್ತರಕ್ಕೆ ಮಾತ್ರ ಇರುತ್ತಿತ್ತು ಎಂಬುದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಕನ್ನಡ ಏಣಿಯ ಅಕ್ಷರಕ್ರಮ ಈ ಪದ್ಧತಿಯ ಅತ್ಯಂತ ಜಾಣತನದ ಭಾಗವೆಂದು ನಾನು ತಿಳಿದಿದ್ದೇನೆ. ವರ್ಣಮಾಲೆಯ ಕ್ರಮದಲ್ಲಿ ಅ, ಆ, ಇ, ಈ ಎಂದು ಹೊರಟರೆ ಮಗುವು ಸ್ವರಗಳ ಸಾಲು ಮುಗಿಸುವವರೆಗೂ ತಾನಾಗಿ ಓದಬಲ್ಲ ಪದವೊಂದೂ ಹೆಚ್ಚುಕಡಿಮೆ ಸಿಗುವುದಿಲ್ಲ. ನಲಿ-ಕಲಿಯಲ್ಲಿ ಮೊದಲು ಬರುವವು ರ, ಗ, ಸ, ದ, ಅ. ಈ ಐದು ಅಕ್ಷರಗಳು ಕೈಗೆ ಬಂದ ಕೂಡಲೇ ಸರ, ರಸ, ದರ, ಅರಸ, ಅಗಸ, ಗರಗಸ, ದಸರ ಎಂದು ಓದಬಹುದು. ದಸರ ಎಂಬ ಪದ ಮೈಸೂರು ಸೀಮೆಯ ಮಗುವಿಗೆ ಯಾವ ವಿವರಣೆಯನ್ನೂ ಬೇಡುವುದಿಲ್ಲ. ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಮಗ, ಜನ, ವನ, ಗಜ, ಬಸವ ಬಂದವು. ‘ಅರಸನ ಮಗ’, ‘ಬಸವನ ಸರ’ ಎಂಬ ಪದಪುಂಜಗಳೂ ಬಂದವು. ಕಾಗುಣಿತದ ಒಂದೂ ಚಿಹ್ನೆ ಕಲಿಯದೆ, ಹತ್ತೇ ಅಕ್ಷರಗಳಲ್ಲಿ ಮಗು ಓದುಗನಾಗುತ್ತದೆ. ಬರವಣಿಗೆಯಲ್ಲಿ ಒಂದಕ್ಕೊಂದು ಹತ್ತಿರವಾದ ಆಕಾರಗಳು, ವ ಮತ್ತು ಮ ಇದ್ದಂತೆ, ಒಟ್ಟಿಗೆ ಬರುವುದರಿಂದ ಕೈಗೂ ಅನುಕೂಲ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ‘ಅ ಆ ಇ ಈ ಹೇಳು’ ಎಂದಾಗ ಮಗು ತಬ್ಬಿಬ್ಬಾಗುವುದು, ‘ಮೇಷ್ಟ್ರು ಅಕ್ಷರಮಾಲೆಯನ್ನೇ ಹೇಳಿಕೊಟ್ಟಿಲ್ಲ’ ಎಂದು ಮನೆಯವರು ಶಾಲೆಗೆ ಬಂದು ಕೇಳುವುದು, ಈ ಜಾಣತನಕ್ಕೆ ಶಿಕ್ಷಕರು ತೆರಬೇಕಾದ ಬೆಲೆ. ವರ್ಣಮಾಲೆ ಮುಂದೆ ಬಂದೇ ಬರುತ್ತದೆ. ಆದರೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಎಲ್ಲ ಪೋಷಕರಿಗೂ ಇರುವುದಿಲ್ಲ.

ಸಹಪಾಠಿ ಬೆಂಬಲದ ಬಗ್ಗೆ ಒಂದು ಮಾತು. ಮೂರನೇ ತರಗತಿಯ ಮಗುವು ಒಂದನೇ ತರಗತಿಯ ಮಗುವಿಗೆ ಕಾರ್ಡು ಓದಿ ಹೇಳಿದಾಗ ಇಬ್ಬರ ಕಲಿಕೆಯೂ ಗಟ್ಟಿಯಾಗುತ್ತದೆ ಎಂಬುದು ಪದ್ಧತಿಯ ನಂಬಿಕೆ, ಅನುಭವವೂ ಬಹುಮಟ್ಟಿಗೆ ಅದನ್ನು ಸಮರ್ಥಿಸುತ್ತದೆ. ಆದರೆ ಚುರುಕಾದ ಒಂದಿಬ್ಬರು ಮಕ್ಕಳೇ ದಿನವೂ ಪುಟ್ಟ ಮೇಷ್ಟ್ರುಗಳಾಗಿ ಬಳಕೆಯಾಗುತ್ತಾ ಹೋದರೆ ಅವರ ಸ್ವಂತ ಏಣಿ ನಿಂತಲ್ಲೇ ನಿಲ್ಲುತ್ತದೆ. ಇದನ್ನು ಗಮನಿಸಿ ಸರಿಪಡಿಸುವುದು ಶಿಕ್ಷಕರ ಕಣ್ಣಿಗೆ ಬಿಟ್ಟದ್ದು, ಯಾವ ಕೈಪಿಡಿಯೂ ಆ ಕಣ್ಣನ್ನು ಕೊಡಲಾರದು.

ಆದೇಶವಾದ ಮೇಲೆ

2009-10ರ ವಿಸ್ತರಣೆಗೆ ಬಲವಾದ ಕಾರಣಗಳಿದ್ದವು. ನೆರೆಯ ತಮಿಳುನಾಡಿನಲ್ಲಿ ಎಂ.ಪಿ. ವಿಜಯಕುಮಾರ್ ಅವರ ನೇತೃತ್ವದಲ್ಲಿ 2003ರಿಂದ ಚೆನ್ನೈ ಪಾಲಿಕೆಯ ಶಾಲೆಗಳಲ್ಲಿ, 2007ರ ಸುಮಾರಿಗೆ ಇಡೀ ರಾಜ್ಯದಲ್ಲಿ, ಇದೇ ರಿಷಿ ವ್ಯಾಲಿ ಮೂಲದ ಚಟುವಟಿಕೆ ಆಧಾರಿತ ಕಲಿಕೆ ಜಾರಿಯಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರಗೊಂಡು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮಗುವಿಗೆ ಭಯ, ಆಘಾತಗಳಿಲ್ಲದ ಕಲಿಕೆ, ಚಟುವಟಿಕೆಯ ಮೂಲಕ ಕಲಿಕೆ, ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನ ಎಂದು ಅದರ 29ನೇ ಕಲಮು ಹೇಳಿದ್ದನ್ನು ಓದಿದರೆ ನಲಿ-ಕಲಿ ತರಗತಿಯ ವರ್ಣನೆಯನ್ನೇ ಓದಿದಂತಾಗುತ್ತದೆ. ಸರ್ವ ಶಿಕ್ಷಣ ಅಭಿಯಾನದ ಹಣವಿತ್ತು, ಮುದ್ರಣಕ್ಕೆ ವ್ಯವಸ್ಥೆಯಿತ್ತು, ತಾಲ್ಲೂಕು ಹಾಗೂ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಂಪನ್ಮೂಲ ವ್ಯಕ್ತಿಗಳ ಜಾಲವೂ ಆಗಲೇ ನಿಂತಿತ್ತು. ಕಾರ್ಡುಗಳು ಅಚ್ಚಾದವು, ಪೆಟ್ಟಿಗೆಗಳಲ್ಲಿ ಶಾಲೆ ಮುಟ್ಟಿದವು, ಶಿಕ್ಷಕರು ತರಬೇತಿ ಪಡೆದರು.

ಶಾಲೆಗೆ ಮುಟ್ಟಿದ ಪೆಟ್ಟಿಗೆಯೊಳಗೆ ಇಲ್ಲದಿದ್ದ ಒಂದು ಸಂಗತಿಯೆಂದರೆ ಕಾರ್ಡನ್ನು ಬದಲಿಸುವ ಅಧಿಕಾರ. ಹೆಗ್ಗಡದೇವನಕೋಟೆಯ ಶಿಕ್ಷಕನಿಗೆ ಪ್ರತಿ ಮೆಟ್ಟಿಲು ಏಕೆ ಅಲ್ಲಿದೆ ಎಂಬುದು ಗೊತ್ತಿತ್ತು, ಏಕೆಂದರೆ ಆ ಮೆಟ್ಟಿಲಿನ ಬಗ್ಗೆ ಅವನು ಸಹೋದ್ಯೋಗಿಗಳೊಂದಿಗೆ ವಾದ ಮಾಡಿದ್ದನು. 2009ರಲ್ಲಿ ಪೆಟ್ಟಿಗೆ ಬಿಚ್ಚಿದ ಶಿಕ್ಷಕರಿಗೆ ಮೆಟ್ಟಿಲು ಕಾಣಿಸಿತು, ಕಾರಣ ಕಾಣಿಸಲಿಲ್ಲ. ಕೆಲವೇ ದಿನಗಳ ತರಬೇತಿಯಲ್ಲಿ ಚಿಹ್ನೆಗಳ ಅರ್ಥ, ತಟ್ಟೆಗಳ ಕ್ರಮ, ಪ್ರಗತಿ ನೋಟ ತುಂಬುವ ವಿಧಾನ ಹೇಳಿಕೊಡಬಹುದು. ಕಾರಣಗಳನ್ನು ಹೇಳಿಕೊಡುವುದು ಕಷ್ಟ. ಬಳ್ಳಾರಿಯ, ಬೀದರಿನ, ಕರಾವಳಿಯ ಮಕ್ಕಳ ಆಡುನುಡಿ ಮೈಸೂರು ಕಡೆಯ ಆಡುನುಡಿಯಲ್ಲ. ಲಂಬಾಣಿ ತಾಂಡಾದ ಮಗುವಿಗೆ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೆ ಕಾರ್ಡಿನ ಚಿತ್ರದ ಹೆಸರೇ ಹೊಸತಾಗಿರಬಹುದು. ಕಾರ್ಡನ್ನು ತಾವೇ ಬರೆಯುತ್ತಿದ್ದ ಕಾಲದಲ್ಲಿ ಇದಕ್ಕೆ ಪರಿಹಾರ ಪದ್ಧತಿಯೊಳಗೇ ಇತ್ತು. ಇಡೀ ರಾಜ್ಯಕ್ಕೆ ಒಂದೇ ಏಣಿ ಅಚ್ಚಾದ ಮೇಲೆ ಆ ಪರಿಹಾರವು ಪದ್ಧತಿಯ ಹೊರಗೆ, ಶಿಕ್ಷಕರ ಖಾಸಗಿ ಉತ್ಸಾಹದಲ್ಲಿ ಮಾತ್ರ ಉಳಿಯಿತು. ಆ ಉತ್ಸಾಹ ಇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ: ಊರಿನ ಹಾಡನ್ನು ಕಾರ್ಡಿಗೆ ಸೇರಿಸಿದವರು, ಹರಿದ ಕಾರ್ಡನ್ನು ಸ್ವಂತ ಖರ್ಚಿನಲ್ಲಿ ಲ್ಯಾಮಿನೇಟ್ ಮಾಡಿಸಿದವರು, ಬೀಜ, ಕಡ್ಡಿ, ಬೆಣಚುಕಲ್ಲುಗಳಿಂದ ಗಣಿತದ ಸಾಮಗ್ರಿ ಮಾಡಿದವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಆದರೆ ವ್ಯವಸ್ಥೆ ಅವರ ಮೇಲೆ ನಿಂತಿಲ್ಲ, ಅವರು ವರ್ಗವಾದ ಮರುದಿನ ಅವರ ಕೆಲಸವನ್ನು ಹಿಡಿದಿಡುವ ಯಾವ ಏರ್ಪಾಡೂ ಇಲ್ಲ.

ಹರಿದ ಕಾರ್ಡಿನ ವಿಷಯ ಹಾಸ್ಯದ್ದಲ್ಲ. ಪಠ್ಯಪುಸ್ತಕದ ಒಂದು ಹಾಳೆ ಹರಿದರೆ ಪಕ್ಕದವರ ಪುಸ್ತಕ ನೋಡಬಹುದು. ಏಣಿಯಲ್ಲಿ ಒಂದು ಕಾರ್ಡು ಕಳೆದರೆ ಅಲ್ಲಿಗೆ ಬಂದ ಪ್ರತಿ ಮಗುವೂ ನಿಲ್ಲುತ್ತದೆ. ಕಾರ್ಡು ದಿನವೂ ಸಣ್ಣ ಕೈಗಳಲ್ಲಿ ತಿರುಗುವ ವಸ್ತುವಾದ್ದರಿಂದ ಅದರ ಬದಲಿ ಪ್ರತಿಗಳು ಸಕಾಲಕ್ಕೆ ಬರುವುದು ಈ ಪದ್ಧತಿಯ ಬೋಧನಾಶಾಸ್ತ್ರದಷ್ಟೇ ಮುಖ್ಯವಾದ ಅಂಗ. ಜೂನಿನಲ್ಲಿ ಬೇಕಿದ್ದ ಕಾರ್ಡು ಅಕ್ಟೋಬರಿನಲ್ಲಿ ಬಂದರೆ ಮಗುವಿಗೆ ಉಪಯೋಗವಿಲ್ಲ.

ಪ್ರಗತಿ ನೋಟದ ಕತೆ ಇದಕ್ಕಿಂತ ಸೂಕ್ಷ್ಮವಾದುದು. ಶಿಕ್ಷಕರು ತಮಗಾಗಿ ಇಟ್ಟುಕೊಳ್ಳಬೇಕಾದ ಟಿಪ್ಪಣಿ ಅದು. ಯಾವ ಮಗು ಎಲ್ಲಿದೆ, ನಾಳೆ ಯಾರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಬೇಕು ಎಂದು ತಿಳಿಯಲು. ವ್ಯವಸ್ಥೆ ದೊಡ್ಡದಾದಾಗ ಅದೇ ಹಾಳೆ ಮೇಲಿನವರಿಗೆ ತೋರಿಸುವ ದಾಖಲೆಯಾಯಿತು. ಮಗು ತನ್ನ ವೇಗದಲ್ಲಿ ಏರಬಹುದು ಎಂದು ಒಂದು ಕಡೆ ಹೇಳಿ, ವರ್ಷಾಂತ್ಯಕ್ಕೆ ಇಷ್ಟು ಮೈಲಿಗಲ್ಲು ಮುಗಿದಿರಬೇಕು ಎಂದು ಇನ್ನೊಂದು ಕಡೆ ನಿರೀಕ್ಷಿಸಿದರೆ ಶಿಕ್ಷಕರು ಎರಡನೆಯದಕ್ಕೆ ಬಾಗುವುದು ಸಹಜ, ಏಕೆಂದರೆ ಪ್ರಶ್ನೆ ಬರುವುದು ಅಲ್ಲಿಂದ. ಹಾಳೆಯ ಚೌಕಗಳು ತುಂಬುತ್ತವೆ. ಪಕ್ಕದ ಮಗುವಿನದನ್ನು ನೋಡಿ ಬರೆದ ಕಾರ್ಡೂ ಮುಗಿದ ಕಾರ್ಡಾಗಿಯೇ ಲೆಕ್ಕಕ್ಕೆ ಬರುತ್ತದೆ. ಇದರ ಹೊಣೆಯನ್ನು ಶಿಕ್ಷಕರ ಮೇಲಷ್ಟೇ ಹೊರಿಸುವುದು ಅನ್ಯಾಯ. ಸ್ವಂತ ವೇಗ ಮತ್ತು ವಾರ್ಷಿಕ ತೇರ್ಗಡೆ ಎಂಬ ಎರಡು ತತ್ತ್ವಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ ನೀತಿಯೇ ಈ ಇಕ್ಕಟ್ಟನ್ನು ಹುಟ್ಟುಹಾಕಿದೆ.

ಮಕ್ಕಳ ಸಂಖ್ಯೆಯ ಪ್ರಶ್ನೆ ಎರಡೂ ಕಡೆಯಿಂದ ಕಾಡುತ್ತದೆ. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಕಾಯ್ದೆಯ ಮಿತಿಯೊಳಗೆ ಐದು ತಟ್ಟೆಗಳು ಚೆನ್ನಾಗಿ ನಡೆಯುತ್ತವೆ. ಆ ಮಿತಿ ದಾಟಿ ಐವತ್ತಕ್ಕೆ ಹತ್ತಿರವಾದರೆ ಶಿಕ್ಷಕರು ಒಂದು ತಟ್ಟೆಯಲ್ಲಿ ಕೂರಲಾಗದೆ ಎಲ್ಲ ತಟ್ಟೆಗಳ ನಡುವೆ ಓಡಾಡುವುದೇ ಕೆಲಸವಾಗುತ್ತದೆ. ಆಂಗ್ಲ ಮಾಧ್ಯಮದ ಖಾಸಗಿ ಶಾಲೆಯ ವ್ಯಾನು ಊರಿಗೆ ಬರತೊಡಗಿದ ಮೇಲೆ ಅನೇಕ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಬಂದಿದೆ: ಮೂರೂ ತರಗತಿ ಸೇರಿ ಹತ್ತು ಹನ್ನೆರಡು ಮಕ್ಕಳು. ಐದು ತಟ್ಟೆಗೆ ಹಂಚಿದರೆ ಇಬ್ಬಿಬ್ಬರು, ಸಹಪಾಠಿ ಬೆಂಬಲವೆಂಬುದು ಹೆಸರಿಗಷ್ಟೇ. ಬಹುವರ್ಗ ಬೋಧನೆ ಅತಿ ಹೆಚ್ಚು ಅಗತ್ಯವಾದ ಶಾಲೆಗಳಲ್ಲಿಯೇ ಅದರ ಗುಂಪು ಕಲಿಕೆ ಸೊರಗುವ ಈ ಸ್ಥಿತಿಗೆ ಮೂಲ ವಿನ್ಯಾಸದಲ್ಲಿ ಉತ್ತರವಿಲ್ಲ, ಏಕೆಂದರೆ 1995ರಲ್ಲಿ ಅಂಥ ದಿನ ಬರುವುದೆಂದು ಯಾರೂ ಎಣಿಸಿರಲಿಲ್ಲ.

ಪೋಷಕರ ಅಸಮಾಧಾನವೂ ಇಲ್ಲೇ ಬೇರು ಬಿಟ್ಟಿದೆ. ‘ಅಲ್ಲಿ ಬರೀ ಆಟ ಆಡಿಸ್ತಾರೆ, ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ’ ಎಂಬ ದೂರು ನಲಿ-ಕಲಿಯಷ್ಟೇ ಹಳೆಯದು. ಬ್ಯಾಗಿನಲ್ಲಿ ಭಾರವಿಲ್ಲದ ಮಗುವನ್ನು ಕಂಡು ಪಾಠವೇ ಆಗುತ್ತಿಲ್ಲ ಎಂದುಕೊಂಡ ತಂದೆತಾಯಿಯನ್ನು ಅಜ್ಞಾನಿಗಳೆಂದು ಬದಿಗೊತ್ತುವುದು ಸುಲಭ. ಆದರೆ ಮಗು ಏನು ಕಲಿಯಿತೆಂದು ನೋಡಲು ಅವರ ಕೈಯಲ್ಲಿರುವ ಸಾಧನ ನೋಟ್‌ಬುಕ್ ಒಂದೇ. ಏಣಿ ಶಾಲೆಯ ಗೋಡೆಯ ಮೇಲಿದೆ, ಕೂಲಿಗೆ ಹೋಗುವವರು ಶಾಲೆಯ ಸಮಯದಲ್ಲಿ ಬಂದು ಅದನ್ನು ನೋಡಲಾರರು. ಏಣಿಯ ಸಣ್ಣ ಪ್ರತಿಯೊಂದು ಮನೆಗೆ ಹೋಗಿದ್ದರೆ ಈ ದೂರಿನ ಅರ್ಧ ಭಾಗ ಕರಗುತ್ತಿತ್ತು ಎಂದು ಅನ್ನಿಸುತ್ತದೆ.

ನಾಲ್ಕನೇ ತರಗತಿಯ ಬಾಗಿಲು

ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಮೇಲಿನ ತರಗತಿಯವರು ನಲಿ-ಕಲಿ ಶಿಕ್ಷಕರ ಮೇಲೆ ಹೊರಿಸುವ ಆರೋಪವೊಂದಿದೆ: ನಾಲ್ಕನೇ ತರಗತಿಗೆ ಬರುವ ಮಕ್ಕಳಿಗೆ ಓದಲು ಬರುವುದಿಲ್ಲ. ಪದ್ಧತಿಯನ್ನೇ ಕೈಬಿಡಬೇಕೆಂಬ ಮಾತೂ ಶಿಕ್ಷಕರ ವಲಯದಲ್ಲಿ ಆಗಾಗ ಕೇಳಿಬಂದಿದೆ. ಆರೋಪದಲ್ಲಿ ಸತ್ಯಾಂಶವಿದ್ದರೂ ಅದರ ವಿಶ್ಲೇಷಣೆ ಅವಸರದ್ದು.

ಮೂರನೇ ತರಗತಿಯ ಕೊನೆಯವರೆಗೆ ಮಗು ಓದಿದ್ದು ಬಹುತೇಕ ಕಾರ್ಡು ಮತ್ತು ವಾಚಕಗಳೆಂಬ ಓದುಪುಸ್ತಕಗಳನ್ನು. ಕಾರ್ಡಿನಲ್ಲಿ ಕೆಲವೇ ಸಾಲು, ಪಕ್ಕದಲ್ಲಿ ಚಿತ್ರ, ಮಾಡಬೇಕಾದ ಕೆಲಸ ಒಂದು. ನಾಲ್ಕನೇ ತರಗತಿಯ ಜೂನ್ ತಿಂಗಳಲ್ಲಿ ಅದೇ ಮಗುವಿನ ಮುಂದೆ ಪುಟಗಟ್ಟಲೆ ಪಾಠ, ಕೊನೆಯಲ್ಲಿ ಪ್ರಶ್ನೋತ್ತರ, ಎಲ್ಲರಿಗೂ ಒಂದೇ ದಿನ ಒಂದೇ ಪುಟ. ನೆಲದ ಮೇಲೆ ಗುಂಪಿನಲ್ಲಿ ಕೂರುತ್ತಿದ್ದ ಮಗು ಸಾಲಿನಲ್ಲಿ ಕೂರುತ್ತದೆ. ತಾನೇ ಎದ್ದು ಕಾರ್ಡು ತರುತ್ತಿದ್ದ ಮಗು ಹೇಳುವವರೆಗೂ ಕಾಯುತ್ತದೆ. ಅಕ್ಷರ ಓದುವುದಕ್ಕೂ ಉದ್ದನೆಯ ಬರಹದ ಅರ್ಥವನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವುದಕ್ಕೂ ನಡುವೆ ಅಂತರವಿದೆ. ಆ ಅಂತರವನ್ನು ದಾಟಿಸುವ ಮೆಟ್ಟಿಲುಗಳು ಏಣಿಯ ಮೇಲ್ತುದಿಯಲ್ಲಿ ವಿರಳ. ನಾಲ್ಕನೇ ತರಗತಿಯ ಪುಸ್ತಕದ ಆರಂಭದಲ್ಲಂತೂ ಇಲ್ಲವೇ ಇಲ್ಲ. ಇದು ನಲಿ-ಕಲಿಯ ನಿಜವಾದ ಬೋಧನಾ ದೋಷ, ಸಂಖ್ಯೆ, ಸರಬರಾಜುಗಳ ನೆಪ ಇದಕ್ಕೆ ಸಲ್ಲದು. ಬಿಡಿಬಿಡಿಯಾಗಿ ಒಡೆದದ್ದನ್ನು ಮತ್ತೆ ಇಡಿಯಾಗಿ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿದೆ.

ಆದರೆ ಮೂರನೇ ತರಗತಿಯ ಶಿಕ್ಷಕರು ಮಕ್ಕಳನ್ನು ಮಕ್ಕಳ ಮಟ್ಟದಲ್ಲಿ ಹಿಡಿದು ಕಲಿಸಿದ ಮೇಲೆ, ನಾಲ್ಕನೆಯದರ ಶಿಕ್ಷಕರಿಗೆ ಎಲ್ಲ ಮಕ್ಕಳನ್ನೂ ಒಂದೇ ಮಟ್ಟದಲ್ಲಿ ಒಪ್ಪಿಸಬೇಕೆಂದು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಬಹುವರ್ಗದ, ಬಹುಮಟ್ಟದ ಕೋಣೆ ಮೂರನೇ ತರಗತಿಯೊಂದಿಗೆ ಮುಗಿಯುವುದಿಲ್ಲ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗಳೂ ಒಟ್ಟಿಗೇ ಕೂರುತ್ತವೆ. ಅಲ್ಲಿನ ಶಿಕ್ಷಕರು ಮಾತ್ರ ಹಳೆಯ ವ್ಯವಸ್ಥೆಯಲ್ಲಿ, ಒಂದು ತರಗತಿಗೆ ಪಾಠ, ಇನ್ನೊಂದಕ್ಕೆ ಕಾಪಿ ಬರವಣಿಗೆ ಎಂಬಲ್ಲಿಯೇ ಇದ್ದಾರೆ.

ಕೋವಿಡ್ ಕಾಲ ಈ ಪ್ರಕರಣಕ್ಕೆ ಅನಿರೀಕ್ಷಿತವಾದ ಪರೀಕ್ಷೆಯನ್ನು ಒಡ್ಡಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಕರ್ನಾಟಕದಲ್ಲಿ ಪುನಃ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಎರಡನೇ ತರಗತಿಗೆ ಬಂದ ಮಗು ಒಂದು ದಿನವೂ ಶಾಲೆಯ ಕೋಣೆಯಲ್ಲಿ ಕುಳಿತಿರಲಿಲ್ಲ, ಮೂರನೆಯದರ ಮಗು ಒಂದನೇ ತರಗತಿಯನ್ನೇ ಪೂರ್ತಿ ಮುಗಿಸಿರಲಿಲ್ಲ. ರಾಜ್ಯದ ಪ್ರತಿಯೊಂದು ಶಾಲೆಯೂ ಕಾಫಿ ಕೊಯ್ಲಿನಿಂದ ಮರಳಿದ ಮಕ್ಕಳ ಶಾಲೆಯಾಗಿತ್ತು. ಬಿಟ್ಟಲ್ಲಿಂದ ಎತ್ತಿಕೊಳ್ಳುವುದೇ ಏಣಿಯ ಮೂಲ ಉದ್ದೇಶವಾಗಿದ್ದರಿಂದ, ಸಿದ್ಧವಾದ ಸಾಧನವೊಂದು ಕೆಳಗಿನ ತರಗತಿಗಳಲ್ಲಿ ಕೈಯಳತೆಯಲ್ಲೇ ಇತ್ತು. ಮೇಲಿನ ತರಗತಿಗಳಲ್ಲಿ ಅಂಥದ್ದೇನೂ ಇರಲಿಲ್ಲ. ಸರ್ಕಾರವು 2022-23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಘೋಷಿಸಿ ಹೊಸ ಸಾಮಗ್ರಿಗಳನ್ನು ಕೊಟ್ಟಿತು. ಜೊತೆಗೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನಕ್ಕಾಗಿ ಕೇಂದ್ರವು 2021ರ ಜುಲೈಯಲ್ಲಿ ಆರಂಭಿಸಿದ ನಿಪುಣ್ ಭಾರತ್ ಗುರಿಗಳೂ ಬಂದವು. ತಮಿಳುನಾಡು 2022ರಲ್ಲಿ ‘ಎಣ್ಣುಂ ಎಳುತ್ತುಂ’ ಎಂಬ ಹೊಸ ಹೆಸರಿನಲ್ಲಿ ಒಂದರಿಂದ ಮೂರನೇ ತರಗತಿಯ ಕಲಿಕೆಯನ್ನು ಮರುರಚಿಸಿತು. ಹೆಸರು ಮತ್ತು ಕಾರ್ಯಕ್ರಮಗಳು ಹೀಗೆ ಒಂದರ ಮೇಲೊಂದು ಬರುವಾಗ ಕೆಳಗಿನ ತರಗತಿಯ ಶಿಕ್ಷಕರ ಮೇಜಿನ ಮೇಲೆ ತುಂಬಬೇಕಾದ ನಮೂನೆಗಳೂ ಒಂದರ ಮೇಲೊಂದು ಬರುತ್ತವೆ ಎಂಬುದನ್ನು ರೂಪಿಸಿದವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಈ ಪ್ರಕರಣದಿಂದ ಹೊರಡುವ ಕೆಲಸಗಳು ಸಣ್ಣವು, ಹೆಚ್ಚಿನ ಹಣ ಬೇಡದವು. ಮೊದಲನೆಯದು, ಏಣಿಯ ಒಂದು ಭಾಗವನ್ನಾದರೂ, ಪ್ರತಿ ವಿಷಯದ ಒಂದೆರಡು ಮೈಲಿಗಲ್ಲುಗಳ ಅಭ್ಯಾಸ ಹಾಗೂ ಪೂರಕ ಕಾರ್ಡುಗಳನ್ನು, ಕ್ಲಸ್ಟರಿನ ಶಿಕ್ಷಕರು ತಮ್ಮ ಮಕ್ಕಳಿಗಾಗಿ ತಾವೇ ಬರೆಯಲು ಇಲಾಖೆಯು ಲಿಖಿತವಾಗಿ ಅನುಮತಿಸಬೇಕು. ಮಾಸಿಕ ಸಮಾಲೋಚನಾ ಸಭೆಗಳು ಮಾಹಿತಿ ಸಂಗ್ರಹದ ಸಭೆಗಳಾಗುವುದನ್ನು ಬಿಟ್ಟು ಈ ಕೆಲಸಕ್ಕೆ ಮೀಸಲಾದರೆ ಕಾರ್ಡಿನ ಹಿಂದಿನ ಕಾರಣ ಮತ್ತೆ ಶಿಕ್ಷಕರ ಕೈಗೆ ಬರುತ್ತದೆ. ಎರಡನೆಯದಾಗಿ, ಮೂರನೇ ತರಗತಿಯ ಕೊನೆಯ ಮೈಲಿಗಲ್ಲುಗಳಲ್ಲಿ ಒಂದು ಪುಟ, ಎರಡು ಪುಟ, ನಾಲ್ಕು ಪುಟಗಳ ಇಡಿಯಾದ ಕತೆಗಳನ್ನು ಸೇರಿಸಿ, ನಾಲ್ಕನೇ ತರಗತಿಯ ಮೊದಲ ತಿಂಗಳುಗಳಿಗೂ ಏಣಿಯನ್ನು ಚಾಚಬೇಕು. ಆಗ ಪಠ್ಯಪುಸ್ತಕ ಮಗುವಿನ ಮುಂದೆ ಏಕಾಏಕಿ ಬಂದು ನಿಲ್ಲದೆ ಏಣಿಯ ಮುಂದಿನ ಮೆಟ್ಟಿಲಾಗಿ ಬರುತ್ತದೆ. ಹತ್ತು ಹನ್ನೆರಡು ಮಕ್ಕಳಿರುವ ಶಾಲೆಗಳಿಗೆ ಐದು ತಟ್ಟೆಗಳ ನಿಯಮವನ್ನು ಸಡಿಲಿಸಿ, ಎರಡು ಅಥವಾ ಮೂರು ಗುಂಪುಗಳ ಬೇರೊಂದು ವಿನ್ಯಾಸವನ್ನು ಅಂಥ ಶಾಲೆಗಳ ಶಿಕ್ಷಕರಿಂದಲೇ ಕಟ್ಟಿಸಬೇಕು, ಏಕೆಂದರೆ ಇಂದು ರಾಜ್ಯದಲ್ಲಿ ಹೆಚ್ಚುತ್ತಿರುವುದು ಅಂಥ ಶಾಲೆಗಳೇ. ಇವುಗಳಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ಕೇಳಿದರೆ ನಾಲ್ಕನೇ ತರಗತಿಯದ್ದಕ್ಕೆ ಎನ್ನುತ್ತೇನೆ; ಕೆಳಗೆ ಮೂರು ವರ್ಷ ಪಟ್ಟ ಶ್ರಮ ಅಲ್ಲಿ ಒಂದೇ ಜೂನಿನಲ್ಲಿ ಸೋರಿಹೋಗುತ್ತಿದೆ.